ಅನುಮತಿ ಕೇಳಬೇಕಾ, ಕೇಳದೇ ಕೂರಬೇಕಾ? ಧರಣಿಗೆ ಮೊದಲು ಹಾಕಬೇಕಾದ ಲೆಕ್ಕ

ನಮ್ಮ ಉತ್ತರ ಕನ್ನಡದಲ್ಲಿ ಹೋರಾಟಕ್ಕೇನೂ ಬರ ಇಲ್ಲ. ಕಡಲ ಬದಿಯಲ್ಲಿ ಬಂದರು, ಘಟ್ಟದ ಮೇಲೆ ನದಿ ತಿರುಗಿಸುವ ಯೋಜನೆ, ನಡುವೆ ರಸ್ತೆ, ಆಸ್ಪತ್ರೆ, ಅರಣ್ಯ ಜಮೀನು. ಯಾವುದೇ ಮೀಟಿಂಗಿಗೆ ಹೋಗಿ, ಒಂದು ಹೊತ್ತಿಗೆ ಯಾರೋ ಒಬ್ಬರು ಎದ್ದು ನಿಂತೇ ನಿಲ್ಲುತ್ತಾರೆ: "ಮನವಿ ಕೊಟ್ಟು ಕೊಟ್ಟು ಸಾಕಾಯ್ತು ಮಾರಾಯ್ರೆ, ಪರ್ಮಿಶನ್ ಗಿರ್ಮಿಶನ್ ಬೇಡ, ಸೀದಾ ಹೋಗಿ ರಸ್ತೆ ಮೇಲೆ ಕೂರುವಾ." ಚಪ್ಪಾಳೆ ಬೀಳುತ್ತದೆ. ಹಿಂದಿನ ಬೆಂಚಿನಿಂದ ಇನ್ಯಾರೋ "ಕೇಸಾದ್ರೆ?" ಅನ್ನುತ್ತಾರೆ. ಅವರಿಗೆ ಪುಕ್ಕಲು ಅಂತ ಹೆಸರು ಬೀಳುತ್ತದೆ.

ನಾನು ಆ ಚಪ್ಪಾಳೆಯನ್ನೂ ಹೊಡೆದಿದ್ದೇನೆ, ಆಮೇಲೆ ಹಿಂದಿನ ಬೆಂಚಿಗೂ ಹೋಗಿದ್ದೇನೆ. ನಾನು ವಕೀಲ ಅಲ್ಲ. ಆದರೆ ನಾಲ್ಕು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವನಿಗೆ ಒಂದಿಷ್ಟು ತಿಳಿಯುತ್ತದಲ್ವಾ. ಅಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋರಾಟ ಬೇಕಾ ಬೇಡವಾ ಅನ್ನೋದು ನಿಮ್ಮೂರಿನ ತೀರ್ಮಾನ. ಮಾಡುವುದು ಖಾತ್ರಿ ಆಗಿದ್ದರೆ, ಯಾವ ದಾರಿಯಲ್ಲಿ ಏನು ಸಿಗುತ್ತದೆ, ಅದರ ಬೆಲೆ ಯಾರು ತೆರುತ್ತಾರೆ, ಇಷ್ಟು ನೋಡೋಣ.

"ಅನುಮತಿ ಇಲ್ಲ" ಬೇರೆ, "ನಿಷೇಧ ಇದೆ" ಬೇರೆ

ಮೊದಲು ಈ ಗೊಂದಲ ಬಿಡಿಸಿಕೊಳ್ಳಿ. ಇದೊಂದು ಗೊತ್ತಿಲ್ಲದೇ ಎಷ್ಟೋ ಜನ ಸುಮ್ನೆ ಹೆದರುತ್ತಾರೆ, ಇನ್ನೆಷ್ಟೋ ಜನ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಶಾಂತವಾಗಿ, ಆಯುಧ ಇಲ್ಲದೇ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಅದೇ ವಿಧಿ ನ್ಯಾಯವಾದ ನಿರ್ಬಂಧ ಹಾಕಬಹುದು ಅಂತಲೂ ಹೇಳುತ್ತದೆ. 1972ರಲ್ಲೇ ಸುಪ್ರೀಂ ಕೋರ್ಟು ಅಹಮದಾಬಾದಿನ ಒಂದು ಪ್ರಕರಣದಲ್ಲಿ, ಸಾರ್ವಜನಿಕ ರಸ್ತೆಯಲ್ಲಿ ಸಭೆ ಸೇರುವುದಕ್ಕೆ ಸರ್ಕಾರ ಕಟ್ಟುಪಾಡು ಹಾಕಬಹುದು, ಪೂರ್ತಿ ಬೇಡ ಅನ್ನುವ ಹಾಗಿಲ್ಲ ಅಂತ ಹೇಳಿತು. ಪೊಲೀಸರು ಮೆರವಣಿಗೆ ದಾರಿ, ಹೊತ್ತು, ಮೈಕು ಇವನ್ನೆಲ್ಲ ಹಿಡಿತದಲ್ಲಿ ಇಡಬಹುದು. ಅದಕ್ಕೆ ಪೊಲೀಸ್ ಕಾಯ್ದೆಯಲ್ಲಿ ಅಧಿಕಾರ ಇದೆ. ಆದ್ದರಿಂದ ಠಾಣೆಗೆ ಒಂದು ಅರ್ಜಿ, ಮೈದಾನ ಬೇಕಾದರೆ ನಗರಸಭೆಗೆ ಒಂದು ಅರ್ಜಿ, ಮೈಕಿಗೆ ಬೇರೆ. ಅರ್ಜಿ ಕೊಡದೇ ಇಪ್ಪತ್ತು ಜನ ಬ್ಯಾನರ್ ಹಿಡಿದು ತಹಸೀಲ್ದಾರ್ ಕಚೇರಿ ಎದುರು ಅರ್ಧ ಗಂಟೆ ನಿಂತರೆ ಸಾಮಾನ್ಯವಾಗಿ ಆಗುವುದು ಇಷ್ಟೇ: ಪಿಎಸ್‌ಐ ಬಂದು "ಮೊದಲೇ ಹೇಳೋದಲ್ವೇನ್ರಿ" ಅಂತ ಬೈದು, ಫೋಟೋ ತೆಗೆಸಿ ಹೋಗುತ್ತಾರೆ.

ನಿಷೇಧಾಜ್ಞೆ ಇದ್ದರೆ ಕತೆಯೇ ಬೇರೆ. ಹಳಬರು ಇನ್ನೂ "144" ಅಂತಲೇ ಕರೆಯುತ್ತಾರೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ ಅದು ನಾಗರಿಕ ಸುರಕ್ಷಾ ಸಂಹಿತೆಯ 163. ಡಿಸಿ ಅಥವಾ ಸಹಾಯಕ ಆಯುಕ್ತರು (ಎಸಿ) ಹಾಕುತ್ತಾರೆ, ಒಂದು ಆದೇಶ ಎರಡು ತಿಂಗಳವರೆಗೆ ನಿಲ್ಲುತ್ತದೆ. 2025ರ ಫೆಬ್ರವರಿಯಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಅಂಕೋಲೆಯ ಕೇಣಿಯಲ್ಲೂ ಬಂದರು ಸರ್ವೆಯ ಹೊತ್ತಿಗೆ ಹಾಕಿದ್ದು ಇದನ್ನೇ. ದಡದಲ್ಲಿ ನಿಲ್ಲಬೇಡಿ ಅಂದರು, ಮೀನುಗಾರರು ಸಮುದ್ರಕ್ಕೇ ಇಳಿದರು.

ಆ ಆದೇಶ ಗೊತ್ತಿದ್ದೂ ಮೀರಿದರೆ ನ್ಯಾಯ ಸಂಹಿತೆಯ 223 ಬೀಳುತ್ತದೆ. 6 ತಿಂಗಳವರೆಗೆ ಸಾದಾ ಸಜೆ ಅಥವಾ 2500 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೀವಕ್ಕೆ ಅಪಾಯ, ದೊಂಬಿ ಅಂತ ಸೇರಿಸಿದರೆ 1 ವರ್ಷ, 5000. ಆದರೆ ಇಲ್ಲೊಂದು ಕೀಲಿ ಇದೆ. ಈ ಸೆಕ್ಷನ್ನಿಗೆ ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಿನವರು ಸ್ವತಃ ಬರೆದು ಕೋರ್ಟಿಗೆ ದೂರು ಕೊಡಬೇಕು; ಪೊಲೀಸರ ಚಾರ್ಜ್‌ಶೀಟ್ ಒಂದೇ ಸಾಕಾಗುವುದಿಲ್ಲ. ಇದೇ ತಪ್ಪಿಗೆ ಮೊದಲಿದ್ದ ಐಪಿಸಿ 188ರ ಎಷ್ಟೋ ಕೇಸು ಹೈಕೋರ್ಟಿನಲ್ಲಿ ಬಿದ್ದು ಹೋದದ್ದು ಇದೇ ಕಾರಣಕ್ಕೆ. ಇದು ಪೊಲೀಸರಿಗೂ ಗೊತ್ತು. ಅದಕ್ಕೇ ಅವರು 223 ಒಂದನ್ನೇ ಹಾಕುವುದಿಲ್ಲ. ಐದು ಜನಕ್ಕಿಂತ ಕಡಿಮೆ ಇಲ್ಲದಿದ್ದರೆ ಅಕ್ರಮ ಕೂಟ ಅಂತ 189, ಯಾರನ್ನಾದರೂ ದಾರಿ ಬಿಡದೇ ನಿಲ್ಲಿಸಿದರೆ 126, ತಳ್ಳಾಟ ಆದರೆ ಸರ್ಕಾರಿ ನೌಕರರ ಮೇಲೆ ಬಲಪ್ರಯೋಗ ಅಂತ 132. ಈ ಕೊನೆಯದು ಗಟ್ಟಿ. ಕಾನ್‌ಸ್ಟೇಬಲ್ ಕೈಯಿಂದ ಬ್ಯಾನರ್ ಕಿತ್ತುಕೊಂಡರೂ ಅದನ್ನು ಬರೆಯಬಹುದು.

ಆದೇಶವನ್ನೇ ಪ್ರಶ್ನೆ ಮಾಡಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಅಧಿಕಾರಿಗೆ "ಈ ಆದೇಶ ತೆಗೆಯಿರಿ" ಅಂತ ಅರ್ಜಿ ಕೊಡಲು 163ರಲ್ಲೇ ಅವಕಾಶ ಇದೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144 ಆದೇಶ ಕಾನೂನಿಗೆ ಸರಿ ಇರಲಿಲ್ಲ ಅಂತ ನಮ್ಮ ಹೈಕೋರ್ಟೇ 2020ರ ಫೆಬ್ರವರಿಯಲ್ಲಿ ಹೇಳಿತು. ಆದರೆ ನೋಡಿ, ಪ್ರತಿಭಟನೆ ಮುಗಿದು ಎರಡು ತಿಂಗಳಾಗಿತ್ತು. ತೀರ್ಪು ಬರುವ ಹೊತ್ತಿಗೆ ಮೆರವಣಿಗೆಯ ದಿನ ದಾಟಿರುತ್ತದೆ.

ನಮ್ಮ ನಲವತ್ತು ನಿಮಿಷ

ಈಗ ನಮ್ಮೂರಿನ ಕತೆ. ಶಾಲೆ ಎದುರು ಮಕ್ಕಳು ರಸ್ತೆ ದಾಟುವ ಜಾಗ ಬೇಕಿತ್ತು. ರಸ್ತೆ ಅಗಲ ಆಯ್ತು, ಗಾಡಿಗಳ ವೇಗ ಹೆಚ್ಚಿತು, ಮಧ್ಯೆ ಗೋಡೆ ಬಂತು. ದಾಟುವ ಜಾಗ ಒಂದು ಕಿಲೋಮೀಟರ್ ಆಚೆ. ಎರಡು ವರ್ಷ ಮನವಿ ಕೊಟ್ಟೆವು. ಒಂದು ಬೆಳಿಗ್ಗೆ ಒಬ್ಬ ಹುಡುಗಿಯ ಸೈಕಲ್ಲಿಗೆ ಲಾರಿ ತಾಗಿತು, ಪುಣ್ಯಕ್ಕೆ ಕೈ ಮುರಿದದ್ದಷ್ಟೇ. ಮರುದಿನ ನಾವು ಯಾರನ್ನೂ ಕೇಳದೇ ರಸ್ತೆ ಮೇಲೆ ಕೂತೆವು.

ಹತ್ತು ಗಂಟೆಗೆ ಶುರು. ಎರಡೂ ಕಡೆ ಲಾರಿ ಸಾಲು ಕಣ್ಣು ಹಾಯುವಷ್ಟು ದೂರ. ಮೀನಿನ ಇನ್ಸುಲೇಟೆಡ್ ಗಾಡಿಯವನು ಇಳಿದು ಬಂದು ಕೈ ಮುಗಿದ, "ಐಸ್ ಕರಗ್ತದೆ ಅಣ್ಣಾ, ನಾನೂ ಕೂಲಿಯವನೇ." ಅವನನ್ನು ಬಿಡಬೇಕಾ ಬೇಡವಾ ಅಂತ ನಮ್ಮಲ್ಲೇ ಜಗಳ. ಆ ಜಗಳ ನಡೆಯುತ್ತಿರುವಾಗಲೇ ಪೊಲೀಸ್ ವ್ಯಾನು ಬಂತು. ನಮ್ಮನ್ನು ಹತ್ತಿಸಿಕೊಂಡು ಒಂದು ಸಭಾಭವನಕ್ಕೆ ಒಯ್ದರು. ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು. ಹೆಸರು, ತಂದೆಯ ಹೆಸರು, ಆಧಾರ್ ನಂಬರು ಬರೆದುಕೊಂಡರು. ಐದು ಗಂಟೆಗೆ ಬಿಟ್ಟರು. ರಾತ್ರಿ ಎಲ್ಲರ ಸ್ಟೇಟಸ್ಸಿನಲ್ಲೂ ನಮ್ಮದೇ ಫೋಟೋ. ಗೆದ್ದೆವು ಅಂದುಕೊಂಡೆವು.

ಒಂದೂವರೆ ವರ್ಷದ ಮೇಲೆ ಸಮನ್ಸ್ ಬಂತು. 14 ಜನಕ್ಕೆ.

"ವಶಕ್ಕೆ ಪಡೆದು ಬಿಡುಗಡೆ" ಅಂತ ಪೇಪರಿನಲ್ಲಿ ಬರುತ್ತದಲ್ಲ, ಅಲ್ಲಿಗೆ ಮುಗಿಯಿತು ಅಂತ ತಿಳಿಯಬೇಡಿ. ಸಂಜೆ ಬಿಟ್ಟದ್ದು ಕೇಸು ಇಲ್ಲ ಅಂತಲ್ಲ. ಸೆಕ್ಷನ್‌ಗಳೆಲ್ಲ ಜಾಮೀನು ಸಿಗುವಂಥವೇ, ಜೈಲಿಗೇನೂ ಹೋಗಲಿಲ್ಲ. ಆದರೆ ತಾರೀಖು. ನಾಲ್ಕು ವರ್ಷದಲ್ಲಿ ಹತ್ತೊಂಬತ್ತು ತಾರೀಖು. ಬೆಳಿಗ್ಗೆ ಬಸ್ಸು ಹತ್ತು, ಕೋರ್ಟಿನ ಜಗಲಿಯಲ್ಲಿ ಕೂರು, ಹೆಸರು ಕರೆದಾಗ ಕೈ ಎತ್ತು, ಮುಂದಿನ ತಾರೀಖು ಬರೆದುಕೊಂಡು ಬಾ. ಹೋಗದಿದ್ದರೆ ವಾರಂಟು. ಗಾರೆ ಕೆಲಸದವನಿಗೆ ಹತ್ತೊಂಬತ್ತು ದಿನದ ಕೂಲಿ ಹೋಯಿತು, ಜೊತೆಗೆ ವಕೀಲರ ಫೀಸಿನ ಪಾಲು. ಕೊನೆಗೆ ಸಾಕ್ಷಿ ಗಟ್ಟಿ ಇಲ್ಲ ಅಂತ ಬಿಡುಗಡೆ ಆಯಿತು.

ನಡುವೆ ಒಬ್ಬರು ಹಿತೈಷಿಗಳು ಹೇಳಿದ್ದರು, "ತಪ್ಪಾಯ್ತು ಅಂತ ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿ ಆಚೆ ಬನ್ನಿ." ಕೇಳಲಿಕ್ಕೆ ಹಿತ ಅನ್ನಿಸುತ್ತದೆ. ತಪ್ಪೊಪ್ಪಿಕೊಂಡು ಕಟ್ಟುವ ದಂಡ ಅಂದರೆ ಕಾನೂನಿನ ಕಣ್ಣಲ್ಲಿ ಶಿಕ್ಷೆ ಆದ ಹಾಗೆ. ಮುಂದೆ ಅರ್ಜಿಯಲ್ಲಿ "ಶಿಕ್ಷೆ ಆಗಿದೆಯೇ" ಅಂತ ಕೇಳಿದಲ್ಲೆಲ್ಲ ಹೌದು ಅನ್ನಬೇಕು. ನಮ್ಮ ವಕೀಲರು ತಡೆದದ್ದು ಒಳ್ಳೆಯದಾಯಿತು.

ಮತ್ತೆ ಆ ಹುಡುಗ. ಅವನ ಹೆಸರು ಬೇಡ. ಐಟಿಐ ಮುಗಿಸಿ ಗಲ್ಫಿಗೆ ಹೊರಟಿದ್ದ. ಅವನು ರಸ್ತೆ ಮೇಲೆ ಕೂತೇ ಇರಲಿಲ್ಲ. ಬಿಸಿಲು ಅಂತ ಅಂಗಡಿಯಿಂದ ನೀರಿನ ಬಾಟಲಿ ತಂದು ಹಂಚುತ್ತಿದ್ದ. ವ್ಯಾನು ಬಂದಾಗ ಎಲ್ಲರ ಜೊತೆ ಹತ್ತಿದ, ನಾವೇ "ಬಾರೋ" ಅಂತ ಕರೆದೆವು. ಸಮನ್ಸಿನಲ್ಲಿ ಅವನು ಒಂಬತ್ತನೇ ಆರೋಪಿ. ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ತಡೆಯಲು ಕಾಯ್ದೆಯಲ್ಲಿ ಜಾಗ ಇದೆ; ಅದೇ ಕೋರ್ಟಿನಿಂದ ಹೊರದೇಶಕ್ಕೆ ಹೋಗಲು ಅನುಮತಿ ತಂದರೆ ಕೊಡುತ್ತಾರೆ. ಅದನ್ನು ತರುವ ಹೊತ್ತಿಗೆ ಅವನ ವೀಸಾ ಅವಧಿ ದಾಟಿತ್ತು. ಒಂದು ವರ್ಷ ಮನೆಯಲ್ಲೇ ಕೂತ. ಅವನ ಅಮ್ಮ ನನ್ನನ್ನು ಕಂಡರೆ ಈಗಲೂ ಮಾತಾಡುವುದಿಲ್ಲ.

ಹಾಗಾದರೆ ರಸ್ತೆ ತಡೆಯಿಂದ ಏನೂ ಸಿಗಲಿಲ್ಲವಾ? ಸಿಕ್ಕಿತು. ಎರಡೇ ದಿನದಲ್ಲಿ ಶಾಲೆ ಎದುರು ಕಬ್ಬಿಣದ ಬ್ಯಾರಿಕೇಡ್ ಬಂತು, ಬೆಳಿಗ್ಗೆ ಸಂಜೆ ಒಬ್ಬ ಹೋಮ್‌ಗಾರ್ಡ್ ನಿಂತ. ಎರಡು ವರ್ಷದ ಮನವಿಗೆ ಆಗದ್ದು ನಲವತ್ತು ನಿಮಿಷದಲ್ಲಿ ಆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೋಡೆ ಒಡೆದು ದಾಟುವ ಜಾಗ ಆಗಿದ್ದು ಎಂಟು ತಿಂಗಳ ಮೇಲೆ. ಅದಕ್ಕೆ ಕಾರಣ ಗ್ರಾಮಸಭೆಯ ಠರಾವು, ಮಾಹಿತಿ ಹಕ್ಕಿನಲ್ಲಿ ತೆಗೆಸಿದ ನಕ್ಷೆ, ಆ ನಕ್ಷೆಯಲ್ಲಿ ನಮ್ಮ ಶಾಲೆಯೇ ಇಲ್ಲ ಅಂತ ತೋರಿಸಿದ ನಮ್ಮ ನಿವೃತ್ತ ಮಾಸ್ತರು. ನನಗೆ ಅನ್ನಿಸುವುದು, ರಸ್ತೆ ತಡೆಯಿಂದ ಚಿಕ್ಕದು ಬೇಗ ಸಿಗುತ್ತದೆ. ದೊಡ್ಡದಕ್ಕೆ ಕಡತವೇ ಓಡಬೇಕು. ಹಾಗಂತ ನಾವು ಕೂರದೇ ಹೋಗಿದ್ದರೆ ಆ ಕಡತವನ್ನು ಯಾರಾದರೂ ಬಿಚ್ಚುತ್ತಿದ್ದರಾ? ಅದೂ ಅನುಮಾನವೇ.

ನಮ್ಮ ಜಿಲ್ಲೆಯ ಹಳೆಯ ಲೆಕ್ಕ

ಕಾನೂನು ಮುರಿಯುವುದು ಫಲ ಕೊಡುತ್ತದಾ ಅಂತ ಕೇಳಿದರೆ ನಮ್ಮವರು ತಕ್ಷಣ ಅಂಕೋಲೆ ಅನ್ನುತ್ತಾರೆ. 1930ರ ಏಪ್ರಿಲ್ 13ಕ್ಕೆ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಅಂಕೋಲೆ, ಸಿದ್ದಾಪುರದ ಕಡೆ ಕರನಿರಾಕರಣೆ. ಭಾಷಣದಲ್ಲಿ ಇಷ್ಟು ಹೇಳಿ ಜೈ ಅನ್ನುತ್ತಾರೆ. ಬಾಕಿ ಅರ್ಧವನ್ನು ಯಾರೂ ಹೇಳುವುದಿಲ್ಲ. ಕಂದಾಯ ಕಟ್ಟದವರ ಜಮೀನು, ಪಾತ್ರೆ, ದನ ಎಲ್ಲ ಜಪ್ತಿ ಆಯಿತು, ಜಮೀನನ್ನು ಬೇರೆಯವರು ಕಡಿಮೆಗೆ ಕೊಂಡರು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಹಾಗೆ ಕೊಂಡವರ ಮನೆ ಬಾಗಿಲಲ್ಲೇ ಉಪವಾಸ ಕೂತರು. ಮುಂಬೈ ಪ್ರಾಂತದಲ್ಲಿ 1937ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ವಾಪಸು ಬರುವ ದಾರಿ ಆಯಿತು. ಅಷ್ಟು ವರ್ಷ ಆ ಮನೆಗಳಲ್ಲಿ ಗಂಜಿಗೆ ಏನು ಮಾಡಿದ್ದರೋ. ಅವರು ಬೆಲೆ ಇಷ್ಟು ಅಂತ ಗೊತ್ತಿದ್ದೇ ಇಳಿದವರು. ನಾವು ಅವಲಕ್ಕಿ ತಿಂದು ಸ್ಟೇಟಸ್ ಹಾಕಿದವರು. ಹೋಲಿಕೆ ಬೇಡ.

ಅಪ್ಪಿಕೋ ಇನ್ನೊಂದು ರೀತಿ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಕಡೆಯವರು ಮಳೆಯಲ್ಲೇ ಕಾಡಿಗೆ ನಡೆದು ಹೋಗಿ ಮರ ತಬ್ಬಿಕೊಂಡು ನಿಂತರು. ಯಾರ ಅನುಮತಿಯೂ ಇರಲಿಲ್ಲ, ಕಡಿಯುವವರ ಕೈಯಲ್ಲಿ ಮಾತ್ರ ಇಲಾಖೆಯ ಅನುಮತಿ ಇತ್ತು. ಇದರ ಗುಟ್ಟು ಏನು ಗೊತ್ತಾ? ಅವರು ತಡೆದದ್ದು ಕೊಡಲಿಯನ್ನು. ಸಿಟ್ಟು ಯಾರ ಮೇಲೋ ಅವರ ಕೆಲಸವೇ ನಿಂತಿತು. ದಾರಿಹೋಕರಿಗೆ ತೊಂದರೆ ಇಲ್ಲ, ಶಾಲೆ ಮಕ್ಕಳ ಬಸ್ಸು ನಿಲ್ಲಲಿಲ್ಲ. ಮರ ತಬ್ಬಿದ ಅಜ್ಜಿಯನ್ನು ಎಳೆಯಲಿಕ್ಕೆ ಗಾರ್ಡಿಗೂ ಮನಸ್ಸು ಬರುವುದಿಲ್ಲ, ಅವನೂ ಪಕ್ಕದ ಊರಿನವನೇ. ನಮ್ಮ ರಸ್ತೆ ತಡೆಯಲ್ಲಿ ಆದದ್ದು ತಿರುಗು ಮುರುಗು: ತೊಂದರೆ ಮೀನುಗಾಡಿಯವನಿಗೆ, ತೀರ್ಮಾನ ತೆಗೆದುಕೊಳ್ಳುವವರು ಎಲ್ಲೋ ಎಸಿ ಕೋಣೆಯಲ್ಲಿ.

ಇದಕ್ಕೆ ಎದುರು ಬೇಡ್ತಿ ನದಿಯ ಹೋರಾಟ. ಅಣೆಕಟ್ಟಿಗೆ ಕಾಡು, ತೋಟ ಎಲ್ಲ ಮುಳುಗುವುದಿತ್ತು. ಅಡಿಕೆ ಬೆಳೆಗಾರರು ತಮ್ಮ ಮಾರಾಟ ಸಂಘದ ಬಲ ಇಟ್ಟುಕೊಂಡು, ತಿಳಿದವರನ್ನು ಕರೆಸಿ, 1981ರ ಜನವರಿಯಲ್ಲಿ ಶಿರಸಿಯಲ್ಲೇ ವಿಚಾರ ಸಂಕಿರಣ ಮಾಡಿ, ಸರ್ಕಾರದ ಲಾಭ ನಷ್ಟದ ಲೆಕ್ಕವನ್ನೇ ಬಿಡಿಸಿ ನೋಡಿದರು. ಯೋಜನೆ ಕೈಬಿಟ್ಟರು. ಒಂದು ಕಾನೂನನ್ನೂ ಮುರಿದು ಗೆದ್ದದ್ದಲ್ಲ ಅದು. ಆದರೆ ಅಲ್ಲಿ ಸಂಘ ಇತ್ತು, ದುಡ್ಡಿತ್ತು, ಓದಿದವರಿದ್ದರು. ಎಲ್ಲ ಊರಿಗೂ ಅಂಥ ಬೆನ್ನು ಇರುವುದಿಲ್ಲ. ಟೊಂಕದ ಒಣಮೀನಿನ ಹೆಂಗಸರಿಗೆ "ಸಂಕಿರಣ ಮಾಡಿ" ಅನ್ನುವುದು ಸುಲಭ.

ಕೈಗಾ ಅಣುಸ್ಥಾವರ? ಅಲ್ಲಿ ಎಲ್ಲ ದಾರಿಯೂ ಆಯಿತು. ಮೆರವಣಿಗೆ, ತಜ್ಞರು. ಶಿವರಾಮ ಕಾರಂತರಂಥವರು 1989ರ ಲೋಕಸಭೆ ಚುನಾವಣೆಗೇ ನಿಂತು ಸೋತರು. 2000ದಲ್ಲಿ ಮೊದಲ ಎರಡು ಘಟಕ ಶುರುವಾದವು. ಅನುಮತಿ ತಗೊಂಡರೂ, ತಗೊಳ್ಳದಿದ್ದರೂ ಕೆಲವು ಸಲ ಸೋಲುತ್ತೇವೆ, ಅಷ್ಟೇ.

ಕಾರವಾರದ್ದು ಈಚೆಯದು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಟಾಗೋರ್ ಕಡಲತೀರದಲ್ಲಿ ಕಲ್ಲು ಹಾಕಲು ಶುರು ಮಾಡಿದಾಗ ಮೀನುಗಾರರು ಬೀದಿಗೂ ನೀರಿಗೂ ಇಳಿದರು, ಊರಿಗೆ ಊರೇ ಬಂದ್ ಆಯಿತು. ಅದೇ ತಿಂಗಳಲ್ಲಿ ಹೈಕೋರ್ಟು ಕಾಮಗಾರಿಗೆ ತಡೆ ಕೊಟ್ಟಿತು. ಬೀದಿಯವರು "ನಮ್ಮಿಂದ" ಅನ್ನುತ್ತಾರೆ, ಕೋರ್ಟಿಗೆ ಹೋದವರು "ನಮ್ಮಿಂದ" ಅನ್ನುತ್ತಾರೆ. ನಾನು ಇಬ್ಬರಿಗೂ ಅರ್ಧರ್ಧ ಕೊಡುತ್ತೇನೆ. ಕೋರ್ಟಿನ ಕಾಗದ ಸಿದ್ಧ ಇಲ್ಲದೇ ಬರೀ ದಡದಲ್ಲಿ ನಿಂತಿದ್ದರೆ ಪೊಲೀಸ್ ಕಾವಲಲ್ಲಿ ಕಲ್ಲು ಬೀಳುತ್ತಲೇ ಇತ್ತು.

ಇನ್ನೊಂದು ನೆನಪು ಮಾಡಲೇಬೇಕು. 2017ರ ಡಿಸೆಂಬರಿನಲ್ಲಿ ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ಕಾರು ಸುಟ್ಟದ್ದು, ಮರುದಿನ ಶಿರಸಿಯಲ್ಲಿ ಬಂದ್ ಹೋಗಿ ಕಲ್ಲು ತೂರಾಟ ಆದದ್ದು. ಯಾರ ಪರ, ಯಾಕೆ ಅನ್ನುವುದು ಇಲ್ಲಿ ಬೇಡ. ಕಲ್ಲು ಒಂದು ಬಿದ್ದರೆ ಸೆಕ್ಷನ್ ಬದಲಾಗುತ್ತದೆ, ಅಷ್ಟು ತಿಳಿಯಿರಿ. ಸಾರ್ವಜನಿಕ ಆಸ್ತಿ ಹಾಳು ಮಾಡಿದರೆ 1984ರ ಕಾಯ್ದೆಯಲ್ಲಿ 5 ವರ್ಷದವರೆಗೆ ಸಜೆ. ಅಕ್ರಮ ಕೂಟದಲ್ಲಿ ಒಬ್ಬ ಮಾಡಿದ್ದಕ್ಕೆ ಜೊತೆಗಿದ್ದವರೆಲ್ಲ ಹೊಣೆ ಆಗಬಹುದು. ಕಲ್ಲು ಎತ್ತಿದವನು ಓಡಿ ಹೋಗುತ್ತಾನೆ, ಸಿಗುವುದು ಓಡದೇ ನಿಂತವನು.

ಅಕ್ಕಪಕ್ಕ ಇಟ್ಟು ನೋಡಿದರೆ

ಅನುಮತಿ ತೆಗೆದುಕೊಂಡ ಧರಣಿಯ ದೊಡ್ಡ ಲಾಭ ಜನ. ಶಾಲೆಯ ಅಕ್ಕೋರು ಬರುತ್ತಾರೆ, ಸರ್ಕಾರಿ ನೌಕರರ ಮನೆಯವರು ಬರುತ್ತಾರೆ, ಎತ್ತಿಕೊಂಡ ಮಗುವಿನ ಜೊತೆ ತಾಯಂದಿರು ಬರುತ್ತಾರೆ. ಐನೂರು ಜನ ಕಾರವಾರದ ಮಾಲಾದೇವಿ ಮೈದಾನದಿಂದ ಡಿಸಿ ಕಚೇರಿಗೆ ನಡೆದರೆ ಅದಕ್ಕೆ ತೂಕ ಇದೆ. ನಷ್ಟ ಏನೆಂದರೆ, ಜಾಗ ಮತ್ತು ಹೊತ್ತು ಅವರು ಹೇಳಿದ್ದು. ಮನವಿ ಸ್ವೀಕರಿಸಿ, ಫೋಟೋ ಹೊಡೆಸಿ, "ಮೇಲಿನವರ ಗಮನಕ್ಕೆ ತರುತ್ತೇನೆ" ಅಂದು ಮುಗಿಯುತ್ತದೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2019ರಿಂದ ಎಷ್ಟು ಮನವಿ, ಎಷ್ಟು ಟ್ವೀಟು, ಎಷ್ಟು ಮೆರವಣಿಗೆ ಆಯಿತು ನೆನಪಿದೆಯಲ್ಲ.

ನಡುವಿನ ದಾರಿ ಒಂದಿದೆ, ನನಗೆ ಇಷ್ಟ ಆದದ್ದು ಅದೇ. ಅನುಮತಿ "ಕೇಳುವುದು" ಅಲ್ಲ, ಮೊದಲೇ "ತಿಳಿಸುವುದು". ಇಂಥ ದಿನ, ಇಂಥ ಹೊತ್ತು, ಇಂಥ ಕಡೆ, ಇಷ್ಟು ಜನ, ಆಂಬುಲೆನ್ಸಿಗೆ ದಾರಿ ಬಿಡುತ್ತೇವೆ ಅಂತ ಬರೆದು ಠಾಣೆಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಉತ್ತರ ಬರದಿದ್ದರೂ ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ. ನಾಳೆ ಕೋರ್ಟಿನಲ್ಲಿ "ಗುಟ್ಟಾಗಿ ಗುಂಪು ಸೇರಿದರು" ಅನ್ನಲಿಕ್ಕೆ ಬರುವುದಿಲ್ಲ. ಇದು ಗುರಾಣಿ ಏನಲ್ಲ, ಮಳೆಗೆ ಕಂಬಳಿ ಕೊಪ್ಪೆ ಇದ್ದ ಹಾಗೆ. ಒದ್ದೆ ಆಗುತ್ತೀರಿ, ಪೂರ್ತಿ ನೆನೆಯುವುದಿಲ್ಲ.

ಹೆದ್ದಾರಿ ತಡೆ ಮಾಡುವವರಿಗೆ ಒಂದು ಮಾತು. ಊರ ರಸ್ತೆಗೂ ರಾಷ್ಟ್ರೀಯ ಹೆದ್ದಾರಿಗೂ ವ್ಯತ್ಯಾಸ ಇದೆ. ಊರ ರಸ್ತೆಗೆ ಅಡ್ಡಿ ಅಂದರೆ 285, ಅದು 5000 ರೂಪಾಯಿವರೆಗೆ ದಂಡದಲ್ಲಿ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಮಣ್ಣು, ಮರ, ಟೈರು ತಂದು ಹಾಕಿ ಗಾಡಿ ಹೋಗದ ಹಾಗೆ ಮಾಡಿದರೆ ಹೆದ್ದಾರಿ ಕಾಯ್ದೆಯ 8ಬಿ ತೆಗೆಯಬಹುದು, ಅದರಲ್ಲಿ 5 ವರ್ಷದವರೆಗೆ ಇದೆ, ಜಾಮೀನೂ ಠಾಣೆಯಲ್ಲಿ ಸಿಗುವಂಥದ್ದಲ್ಲ. ಕೂರುವುದಾದರೆ ಬರಿಗೈಯಲ್ಲಿ ಕೂರಿ, ಟೈರು ಸುಡುವ ಹುಮ್ಮಸ್ಸು ಬೇಡ. ದಿನಗಟ್ಟಲೆ ಕೂರುವ ಯೋಚನೆಯೂ ಬೇಡ. ಸಾರ್ವಜನಿಕ ದಾರಿಯನ್ನು ಎಷ್ಟು ದಿನ ಬೇಕಾದರೂ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಶಾಹೀನ್ ಬಾಗ್ ವಿಷಯದಲ್ಲಿ ಹೇಳಿಬಿಟ್ಟಿದೆ.

163 ಇದ್ದಾಗ ಬೇಕಂತಲೇ ಮೀರುವುದು ಕೊನೆಯ ದಾರಿ. ಮರುದಿನ ಯಂತ್ರ ಬಂದು ಮರ ಉರುಳುತ್ತದೆ, ಮನೆ ಬೀಳುತ್ತದೆ, ಕಡಲಿಗೆ ಕಲ್ಲು ಬೀಳುತ್ತದೆ ಅನ್ನುವಾಗ, ಕೋರ್ಟಿನ ಆದೇಶಕ್ಕೆ ಇನ್ನು ನಾಲ್ಕು ದಿನ ಬೇಕು ಅನ್ನುವಾಗ, ಆ ನಾಲ್ಕು ದಿನ ಗಳಿಸಲಿಕ್ಕೆ ಜನ ಅಡ್ಡ ನಿಲ್ಲುವುದು ನನಗೆ ಅರ್ಥ ಆಗುತ್ತದೆ. ಆದರೆ ಬಸ್ ನಿಲ್ದಾಣಕ್ಕೋ ಬೀದಿ ದೀಪಕ್ಕೋ 163 ಮುರಿದರೆ ಬೆಲ್ಲ ಮಾರಿ ಬೇವು ಕೊಂಡ ಹಾಗೆ.

ಮತ್ತೆ ದಿನ ನೋಡಿಕೊಳ್ಳಿ, ಇದನ್ನು ಯಾರೂ ಹೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಕಡಲ ಕಡೆ ಜನ ಸಿಗುತ್ತಾರೆ, ಆದರೆ ಆ ಮಳೆಯಲ್ಲಿ ಶಾಮಿಯಾನ ನಿಲ್ಲುವುದಿಲ್ಲ. ಘಟ್ಟದ ಮೇಲೆ ಅಡಿಕೆ ಕೊಯ್ಲು ಹತ್ತಿದ ಮೇಲೆ ಸಭೆ ಕರೆದರೆ ಬರುವುದು ಕುರ್ಚಿ ಬಾಡಿಗೆಯವನು ಮಾತ್ರ.

ಯಾರು ಮುಂದೆ, ಯಾರು ಹಿಂದೆ

ಕಾರವಾರದ ಸುತ್ತ ಒಂದು ವಿಶೇಷ ಇದೆ. ನಮ್ಮ ಹುಡುಗರಿಗೆ ಇರುವ ಕೆಲಸ ಅಂದರೆ ಕೈಗಾ, ನೌಕಾನೆಲೆ, ಅಲ್ಲಿನ ಗುತ್ತಿಗೆದಾರರು. ಇಲ್ಲದಿದ್ದರೆ ಗೋವಾ ಅಥವಾ ಗಲ್ಫ್. ಗೋವಾ ಒಂದು ಬಿಟ್ಟರೆ ಬಾಕಿ ಎಲ್ಲದಕ್ಕೂ ಪೊಲೀಸ್ ವೆರಿಫಿಕೇಶನ್. ಗೇಟ್ ಪಾಸು ಇರುವ ಹುಡುಗನಿಗೆ ಒಂದು ಎಫ್‌ಐಆರ್ ಅಂದರೆ ಊಟದ ತಟ್ಟೆಗೇ ಕೈ ಹಾಕಿದ ಹಾಗೆ. ಅದೇ ಎಫ್‌ಐಆರ್ ಪೆನ್ಶನ್ ತೆಗೆದುಕೊಳ್ಳುವ ಮಾಸ್ತರಿಗೆ ಬರೀ ಬಸ್ ಖರ್ಚು. ಒಂದೇ ಕೇಸು, ಒಂದೇ ಸೆಕ್ಷನ್, ಬೆಲೆ ಮಾತ್ರ ಒಂದೇ ಅಲ್ಲ. "ಎಲ್ಲರೂ ಒಟ್ಟಿಗೆ ಹೋಗುವಾ" ಅನ್ನುವ ಮಾತು ಕಿವಿಗೆ ಚೆಂದ. ಒಟ್ಟಿಗೆ ಹೋದವರಲ್ಲಿ ಕಳೆದುಕೊಳ್ಳುವುದು ಚಿಕ್ಕವರೇ.

ಕೇಸು ಇದ್ದರೆ ಸರ್ಕಾರಿ ಕೆಲಸ ಸಿಗುವುದೇ ಇಲ್ಲ ಅಂತಲೂ ಅಲ್ಲ. ಅರ್ಜಿಯಲ್ಲಿ ಕೇಳಿದರೆ ಮುಚ್ಚಿಡಬೇಡಿ. ಇಂಥ ಸಣ್ಣ ಕೇಸನ್ನು ತೂಗಿ ನೋಡಿ ಬಿಡಬಹುದು ಅಂತ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದೆ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಅದೇ ದೊಡ್ಡ ತಪ್ಪು.

ವ್ಯಾನು ಹತ್ತುವ ಹೊತ್ತು ಬಂದರೆ: ಯಾವ ಕಾರಣಕ್ಕೆ ಅಂತ ಕೇಳಿ, ಹೇಳಲೇಬೇಕು. ಬಂಧನ ಆದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವ ಹಾಗಿಲ್ಲ; ತೀರಾ ಅನಿವಾರ್ಯ ಆದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ತರಬೇಕು. ಓದದೇ ಯಾವ ಕಾಗದಕ್ಕೂ ಸಹಿ ಬೇಡ, ಖಾಲಿ ಕಾಗದಕ್ಕಂತೂ ಬೇಡವೇ ಬೇಡ. ವಕೀಲರ ನಂಬರನ್ನು ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ, ಮೊಬೈಲ್ ಮೊದಲು ಪೊಲೀಸರ ಕೈಗೇ ಹೋಗುತ್ತದೆ.

ಈಗ ನಮ್ಮೂರಿಗೆ ಸಂಜೆಯ ಬಸ್ಸು ನಿಂತಿದೆ. ಹೋದ ಭಾನುವಾರ ಶಾಲೆ ಜಗಲಿಯಲ್ಲಿ ಮೀಟಿಂಗು ಆಯಿತು. ಮತ್ತೆ ಅದೇ "ಸೀದಾ ಹೋಗಿ ಕೂರುವಾ", ಮತ್ತೆ ಚಪ್ಪಾಳೆ. ಈ ಸಲ ಮಾಸ್ತರು ಒಂದು ನೂರು ಪುಟದ ನೋಟ್‌ಬುಕ್ ತಂದಿದ್ದರು. ನಡುವೆ ಗೆರೆ ಎಳೆದು ಎಡಗಡೆ "ಹೆಸರು ಬರೆಸಬಹುದಾದವರು", ಬಲಗಡೆ "ಬರೆಸಬಾರದವರು" ಅಂತ ಬರೆದರು. ಎಡಗಡೆ ಅವರದ್ದೇ ಮೊದಲು, ಆಮೇಲೆ ನಾನು, ನಿವೃತ್ತ ಅಂಚೆಯಣ್ಣ, ಇಬ್ಬರು ಅಕ್ಕೋರು, ಪೆನ್ಶನ್ ಬರುವ ಇನ್ನಿಬ್ಬರು. ಬಲಗಡೆ ಹುಡುಗರೆಲ್ಲ. ಅವರಿಗೆ ಪೋಸ್ಟರ್, ವಿಡಿಯೋ, ಮಾಹಿತಿ ಹಕ್ಕಿನ ಅರ್ಜಿ ಬರೆಯುವ ಕೆಲಸ. ಮೊದಲು ಠಾಣೆಗೆ ಕಾಗದ, ಹದಿನೈದು ದಿನದ ಗಡುವು, ಆಮೇಲೆ ಡಿಪೋ ಗೇಟಿನ ಬದಿಗೆ ಧರಣಿ, ರಸ್ತೆಯಲ್ಲಲ್ಲ.

ಒಬ್ಬ ಹುಡುಗ ಕೇಳಿದ, "ನಾನು ಬರೀ ನೀರು ಕೊಡ್ಲಿಕ್ಕೆ ಬರ್ಲಾ ಮಾಸ್ತರೆ?"

"ಬೇಡ್ವೋ ತಮಾ," ಅಂದರು ಮಾಸ್ತರು. "ನೀರಿನ ಬಾಟಲಿ ಈ ಸಲ ನಾನೇ ಹೊರ್ತೆ."